‘ಟೆನ್ಷನ್ ಅಷ್ಟೇ’ ಎಂದಾಗ ಮೈಯೊಳಗೆ ಏನು ನಡೆಯುತ್ತಿರುತ್ತದೆ?

ಪ್ರಶ್ನೆ: ನನಗೆ 46 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ನಾಲ್ಕು ವರ್ಷಗಳ ಹಿಂದೆ ಅತ್ತೆಯವರಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದರು. ಹಗಲು ಒಬ್ಬ ಹೆಂಗಸು ಬಂದು ನೋಡಿಕೊಳ್ಳುತ್ತಾರೆ, ಉಳಿದದ್ದೆಲ್ಲ ನನ್ನದೇ. ಎಂಟು ತಿಂಗಳಿಂದ ಇದ್ದಕ್ಕಿದ್ದಂತೆ ಎದೆ ಡವಡವ ಎನ್ನುತ್ತದೆ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ. ಶಾಲೆಗೆ ಹೊರಡುವ ಹೊತ್ತಿಗೆ ಎರಡು ಮೂರು ಸಲ ಶೌಚಕ್ಕೆ ಹೋಗಬೇಕಾಗುತ್ತದೆ. ತಲೆ ಬಾಚಿದರೆ ಕೂದಲು ಹಿಡಿಗಟ್ಟಲೆ ಬರುತ್ತದೆ. ತರಕಾರಿ ಹೆಚ್ಚುವಾಗ ಆದ ಗಾಯ ಮೂರು ವಾರವಾದರೂ ಪೂರ್ತಿ ಮಾಯ್ದಿಲ್ಲ. ಇಸಿಜಿ, ಎಕೋ, ಥೈರಾಯ್ಡ್ ಎಲ್ಲವೂ ನಾರ್ಮಲ್. ಡಾಕ್ಟರು ‘ಟೆನ್ಷನ್ ಅಷ್ಟೇ, ಯೋಚನೆ ಮಾಡಬೇಡಿ’ ಎಂದರು. ಅಂದಿನಿಂದ ಮನೆಯಲ್ಲಿ ‘ನಿನಗೇನೂ ಆಗಿಲ್ಲ, ಎಲ್ಲ ನಿನ್ನ ತಲೆಯಲ್ಲಿದೆ’ ಎನ್ನುತ್ತಾರೆ. ನಿಜವಾಗಿಯೂ ಇದೆಲ್ಲ ನನ್ನ ಭ್ರಮೆಯೇ?
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಭ್ರಮೆಯಲ್ಲ. ಎಂಟು ತಿಂಗಳಿಂದ ನೀವು ಕಾಯುತ್ತಿರುವುದು ಈ ಒಂದು ಮಾತಿಗಾಗಿ ಎಂಬುದು ಪತ್ರ ಓದುವಾಗಲೇ ಗೊತ್ತಾಯಿತು. ಆದ್ದರಿಂದ ಅದನ್ನು ಮೊದಲೇ ಹೇಳಿಬಿಟ್ಟೆ. ನೀವು ಬರೆದ ಒಂದೊಂದು ತೊಂದರೆಯ ಹಿಂದೆಯೂ ನರವೋ ಗ್ರಂಥಿಯೋ ರಕ್ತನಾಳವೋ ನಿಜವಾಗಿ ಕೆಲಸ ಮಾಡುತ್ತಿದೆ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ರೋಗಿಗಳಿಗೆ ‘ಟೆನ್ಷನ್ ಅಷ್ಟೇ’ ಎಂದು ಹೇಳಿ ಕಳುಹಿಸಿದ್ದೇನೆ. ಆ ‘ಅಷ್ಟೇ’ ಎಂಬ ಪದ ಮನೆ ತಲುಪುವಷ್ಟರಲ್ಲಿ ‘ಏನೂ ಇಲ್ಲ’ ಎಂದಾಗುತ್ತದೆ, ಮರುದಿನ ‘ನಾಟಕ’ ಎಂದಾಗುತ್ತದೆ ಎಂದು ಅರಿವಾಗಲು ನನಗೆ ತುಂಬಾ ವರ್ಷಗಳೇ ಬೇಕಾದವು. ಈಗ ಆ ಪದ ಬಳಸುವುದಿಲ್ಲ.

ಮೊದಲು ಆ ‘ನಾರ್ಮಲ್’ ಎಂಬುದನ್ನು ನೋಡೋಣ. ಇಸಿಜಿ ಕಾಗದದ ಮೇಲೆ ಮೂಡುವುದು ಸುಮಾರು ಹತ್ತು ಸೆಕೆಂಡುಗಳ ಹೃದಯ. ನಿಮ್ಮ ಎದೆ ಬಡಿದುಕೊಳ್ಳುವುದು ಬೆಳಗಿನ ಜಾವ ಮೂರಕ್ಕೆ. ಇಸಿಜಿ ತೆಗೆದದ್ದು ಹಗಲು ಹನ್ನೊಂದಕ್ಕೋ ಹನ್ನೆರಡಕ್ಕೋ ಇರಬೇಕು. ಆ ಹತ್ತು ಸೆಕೆಂಡುಗಳಲ್ಲಿ ಲಯ ಸರಿಯಿತ್ತು, ಎಕೋದಲ್ಲಿ ಹೃದಯದ ಸ್ನಾಯು, ಕವಾಟಗಳು ಚೆನ್ನಾಗಿ ಕಂಡವು, ಥೈರಾಯ್ಡ್ ಹದದಲ್ಲಿದೆ. ಇದು ಒಳ್ಳೆಯ ಸುದ್ದಿಯೇ. ಹೊಲದ ಪಂಪ್‌ಸೆಟ್ಟನ್ನು ನೆನೆಯಿರಿ. ಮೆಕ್ಯಾನಿಕ್ ಬಂದು ಮೋಟಾರು ಬಿಚ್ಚಿ ನೋಡಿ ‘ಮೋಟಾರು ಸರಿಯಿದೆ’ ಎಂದ. ಅವನ ಮಾತು ಸತ್ಯ. ಆದರೆ ಹಗಲೂ ರಾತ್ರಿ ಅದು ಓಡುತ್ತಲೇ ಇದೆ, ಸ್ವಿಚ್ ಆರಿಸುವವರಿಲ್ಲ ಎಂಬುದು ಅವನ ಪರೀಕ್ಷೆಯಲ್ಲಿ ಕಾಣುವುದಿಲ್ಲ. ನಿಮ್ಮ ತೊಂದರೆ ಇರುವುದು ಆ ಸ್ವಿಚ್ಚಿನಲ್ಲಿ ಎಂದು ನನಗೆ ಅನ್ನಿಸುತ್ತದೆ.

ಆ ಸ್ವಿಚ್ ಹೇಗೆ ಬೀಳುತ್ತದೆ ಎಂಬುದನ್ನು ನಿಮ್ಮ ದಿನದಿಂದಲೇ ತೆಗೆದುಕೊಳ್ಳುತ್ತೇನೆ. ಒಂಬತ್ತನೇ ತರಗತಿಯಲ್ಲಿ ಬೋರ್ಡಿನ ಮೇಲೆ ಪ್ರಮೇಯ ಬರೆಯುತ್ತಿದ್ದೀರಿ. ಮೇಜಿನ ಮೇಲೆ ಮೊಬೈಲ್ ಗುರ್ರೆನ್ನುತ್ತದೆ. ಅತ್ತೆಯವರನ್ನು ನೋಡಿಕೊಳ್ಳುವ ಹೆಂಗಸಿನ ಹೆಸರು. ಈ ಹೊತ್ತಿನಲ್ಲಿ ಅವರು ಎಂದೂ ಕರೆ ಮಾಡುವುದಿಲ್ಲ. ‘ಏನಾಯಿತೋ’ ಎಂದು ನೀವು ಯೋಚಿಸುವಷ್ಟರಲ್ಲಿ ನಿಮ್ಮ ಮೈ ಆಗಲೇ ತೀರ್ಮಾನ ಮಾಡಿಯಾಗಿರುತ್ತದೆ. ಮೆದುಳಿನ ಆಳದಲ್ಲಿ ಬಾದಾಮಿ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ. ಅಪಾಯದ ವಾಸನೆ ಹಿಡಿಯುವುದು ಅದರ ಕೆಲಸ. ಅದು ಹೈಪೋಥಲಮಸ್ಸಿಗೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಂದ ಬೆನ್ನುಹುರಿಯ ದಾರಿಯಾಗಿ ಸಿಂಪಥೆಟಿಕ್ ನರಗಳು ಹೃದಯ, ರಕ್ತನಾಳ, ಕರುಳು, ಬೆವರಿನ ಗ್ರಂಥಿಗಳಿಗೆ ಆಜ್ಞೆ ಒಯ್ಯುತ್ತವೆ. ಅವೇ ನರಗಳು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳನ್ನೂ ಎಬ್ಬಿಸುತ್ತವೆ. ಒಂದೊಂದೂ ಐದು ಗ್ರಾಮಿನಷ್ಟೂ ತೂಗದ ಪುಟ್ಟ ಗ್ರಂಥಿ. ಅದು ಅಡ್ರಿನಲಿನ್ ಅನ್ನು ನೇರವಾಗಿ ರಕ್ತಕ್ಕೆ ಸುರಿಯುತ್ತದೆ. ಇಷ್ಟೂ ಆಗಲು ಕೆಲವೇ ಸೆಕೆಂಡುಗಳು ಸಾಕು.

ಮುಂದೆ ಏನಾಗುತ್ತದೆ ಎಂಬುದನ್ನು ನಮ್ಮ ಭಾಷೆ ಬಹಳ ಹಿಂದೆಯೇ ಗುರುತಿಸಿಟ್ಟಿದೆ. ಎದೆ ಝಲ್ಲೆಂದಿತು, ಕೈಕಾಲು ತಣ್ಣಗಾಯಿತು, ಬಾಯಿ ಒಣಗಿತು, ಮೈ ನವಿರೆದ್ದಿತು, ಹೊಟ್ಟೆ ತೊಳಸಿತು, ಜಂಘಾಬಲ ಉಡುಗಿತು ಎನ್ನುತ್ತೇವೆ. ಶರೀರಶಾಸ್ತ್ರದ ಪಾಠವನ್ನು ಈ ಮಾತುಗಳಿಂದಲೇ ಮಾಡಬಹುದು. ಕೈಕಾಲು ತಣ್ಣಗಾಗುವುದು ಚರ್ಮದ ರಕ್ತನಾಳಗಳು ಕುಗ್ಗಿ ರಕ್ತ ದೊಡ್ಡ ಸ್ನಾಯುಗಳ ಕಡೆಗೆ ಹರಿಯುವುದರಿಂದ. ಮೈ ನವಿರೇಳುವುದು ಕೂದಲಿನ ಬುಡದ ಸಣ್ಣ ಸ್ನಾಯುಗಳು ಬಿಗಿದುಕೊಳ್ಳುವುದರಿಂದ. ಬೆಕ್ಕು ಬಾಲ ಉಬ್ಬಿಸುವುದೂ ಇದರಿಂದಲೇ. ಓಡಲು ಸಜ್ಜಾದ ತೊಡೆಯ ಸ್ನಾಯುಗಳಿಗೆ ಓಡುವ ಅವಕಾಶ ಸಿಗದಿದ್ದಾಗ ಅವು ನಡುಗುತ್ತವೆ, ಅದನ್ನೇ ನಾವು ಜಂಘಾಬಲ ಉಡುಗಿತು ಎನ್ನುವುದು. ಇನ್ನು ಕಣ್ಣಿಗೆ ಕಾಣದ ಕೆಲಸಗಳೂ ಇವೆ: ಯಕೃತ್ತು ತನ್ನಲ್ಲಿದ್ದ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಶ್ವಾಸನಾಳಗಳು ಹಿಗ್ಗುತ್ತವೆ, ಪೆಟ್ಟು ಬಿದ್ದರೆ ರಕ್ತ ಬೇಗ ಹೆಪ್ಪುಗಟ್ಟಲಿ ಎಂದು ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಅಂಟಂಟಾಗುತ್ತವೆ.

ಬಾಯಿ ಒಣಗುವ ವಿಷಯಕ್ಕೆ ಒಂದು ಹಳೆಯ ಕಥೆ ಸೇರಿಸಬೇಕು. ನಮ್ಮ ಧರ್ಮಶಾಸ್ತ್ರಗಳಲ್ಲಿ ಕಳ್ಳನನ್ನು ಪತ್ತೆ ಹಚ್ಚಲು ‘ತಂಡುಲ ದಿವ್ಯ’ ಎಂಬ ಪರೀಕ್ಷೆ ಇತ್ತು. ಶಂಕಿತನು ಅಕ್ಕಿ ಜಗಿದು ಉಗುಳಬೇಕು. ಉಗುಳಿದ್ದರಲ್ಲಿ ರಕ್ತ ಕಂಡರೆ, ಮೈ ನಡುಗಿದರೆ ತಪ್ಪಿತಸ್ಥ. ಹೆದರಿದವನ ಬಾಯಲ್ಲಿ ಜೊಲ್ಲು ಇರುವುದಿಲ್ಲ, ಒಣ ಅಕ್ಕಿ ಒಸಡನ್ನು ಗೀರುತ್ತದೆ. ಪರೀಕ್ಷೆ ಮಾಡಿದವರ ಅವಲೋಕನ ಚುರುಕಾಗಿತ್ತು. ಆದರೆ ಸುಳ್ಳು ಆಪಾದನೆಗೆ ಸಿಕ್ಕಿ ಹೆದರಿದ ನಿರಪರಾಧಿಯ ಬಾಯಿಯೂ ಅಷ್ಟೇ ಒಣಗುತ್ತದೆ. ಎಂಥ ಭಯ, ಯಾವ ಕಾರಣದ ಭಯ ಎಂದು ಈ ನರಗಳು ಕೇಳುವುದಿಲ್ಲ. ಹುಲಿ ಎದುರು ಬಂದರೂ ಮನೆಯಿಂದ ಫೋನ್ ಬಂದರೂ ಹೊರಡುವ ಆಜ್ಞೆ ಒಂದೇ.

ಹೊಟ್ಟೆಯ ಸಂಗತಿಯನ್ನು ಕಣ್ಣಾರೆ ಕಂಡವರು ಅಮೆರಿಕದ ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್. 1890ರ ದಶಕದ ಕೊನೆಯಲ್ಲಿ, ಎಕ್ಸ್‌ರೇ ಆಗಷ್ಟೇ ಬಂದಿದ್ದಾಗ, ಅವರು ಬೆಕ್ಕುಗಳಿಗೆ ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬಿಸ್ಮತ್ ಎಂಬ ಲೋಹದ ಪುಡಿ ಬೆರೆಸಿದ ಆಹಾರ ತಿನ್ನಿಸಿ ಜಠರದ ಚಲನೆಯನ್ನು ನೋಡುತ್ತಿದ್ದರು. ಬೆಕ್ಕು ನೆಮ್ಮದಿಯಾಗಿದ್ದಾಗ ಜಠರದ ಗೋಡೆಯ ಮೇಲೆ ಅಲೆಗಳು ಒಂದರ ಹಿಂದೊಂದು ಸಾಗುತ್ತಿದ್ದವು. ಅದು ಕಂಗಾಲಾಗಿ ಒದ್ದಾಡಲು ಶುರುಮಾಡಿದರೆ ಅಲೆಗಳು ನಿಂತುಹೋಗುತ್ತಿದ್ದವು. ಶಾಂತವಾದ ಮೇಲೆ ಮತ್ತೆ ಏಳುತ್ತಿದ್ದವು. ಪ್ರಾಣ ಉಳಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಊಟ ಅರಗಿಸುವ ಕೆಲಸವನ್ನು ದೇಹ ಬದಿಗಿಡುತ್ತದೆ. ಮುಂದೆ 1915ರಲ್ಲಿ ಅವರು ಇದನ್ನೆಲ್ಲ ಸೇರಿಸಿ ‘ಕಾದಾಟ ಇಲ್ಲವೇ ಓಟ’ ಎಂದು ಇಂದು ಎಲ್ಲರೂ ಹೇಳುವ ವಿವರಣೆಗೆ ಬುನಾದಿ ಹಾಕಿದರು. ನಿಮ್ಮ ಬೆಳಗಿನ ಶೌಚದ ಗುಟ್ಟೂ ಇಲ್ಲೇ ಇದೆ. ಒತ್ತಡದಲ್ಲಿ ಜಠರ ನಿಧಾನವಾಗುತ್ತದೆ, ಆದರೆ ದೊಡ್ಡ ಕರುಳು ತದ್ವಿರುದ್ಧವಾಗಿ ಚುರುಕಾಗುತ್ತದೆ. ಮೇಲೆ ಊಟ ಸೇರುವುದಿಲ್ಲ, ಕೆಳಗೆ ತಡೆಯಲಾಗುವುದಿಲ್ಲ. ಪರೀಕ್ಷೆಯ ದಿನ ನಿಮ್ಮ ವಿದ್ಯಾರ್ಥಿಗಳು ಕಿರುಬೆರಳು ಎತ್ತಿ ನಿಲ್ಲುವುದೂ ಇಂಥದೇ ಕಾರಣಕ್ಕೆ.

ಸರಿ, ತರಗತಿಗೆ ಮರಳೋಣ. ನೀವು ಹೊರಗೆ ಬಂದು ಫೋನ್ ಎತ್ತುತ್ತೀರಿ. ‘ಅಜ್ಜಿಯ ಬಿಪಿ ಮಾತ್ರೆ ಮುಗಿದಿದೆ, ಬರುವಾಗ ತನ್ನಿ ಮೇಡಂ’ ಎನ್ನುತ್ತಾರೆ. ಇಷ್ಟಕ್ಕೇ ಮೈ ಯುದ್ಧಕ್ಕೆ ಹೊರಟಿತ್ತು. ರಕ್ತದಲ್ಲಿನ ಅಡ್ರಿನಲಿನ್ ಎರಡು ಮೂರು ನಿಮಿಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಎದೆಬಡಿತ ತಗ್ಗುತ್ತದೆ, ನೀವು ಪ್ರಮೇಯ ಮುಗಿಸುತ್ತೀರಿ. ಆದರೆ ಎರಡನೆಯ ಅಲೆಯೊಂದು ಆಗಲೇ ಹೊರಟಿರುತ್ತದೆ. ಅದು ನರಗಳ ದಾರಿಯದಲ್ಲ, ರಕ್ತದ ದಾರಿಯದು, ಆದ್ದರಿಂದ ನಿಧಾನ. ಹೈಪೋಥಲಮಸ್ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿ ಅಡ್ರಿನಲ್‌ನ ಹೊರಪದರಕ್ಕೆ ಹಾರ್ಮೋನುಗಳ ಮೂಲಕ ಹೇಳಿ ಕಳುಹಿಸುತ್ತದೆ. ಅಡ್ರಿನಲ್ ಕಾರ್ಟಿಸೋಲ್ ಬಿಡುಗಡೆ ಮಾಡುತ್ತದೆ. ಅದರ ಪ್ರಮಾಣ ತುದಿ ಮುಟ್ಟುವುದು ಇಪ್ಪತ್ತು, ಮೂವತ್ತು ನಿಮಿಷಗಳ ಮೇಲೆ. ಅಂದರೆ ನೀವು ಫೋನಿನ ವಿಷಯ ಮರೆತು ಸ್ಟಾಫ್ ರೂಮಿನಲ್ಲಿ ನೋಟ್ಸ್ ತಿದ್ದುತ್ತಿರುವಾಗ.

ಕಾರ್ಟಿಸೋಲ್ ಅನ್ನು ಇತ್ತೀಚೆಗೆ ಎಲ್ಲರೂ ವಿಲನ್ ಎಂಬಂತೆ ಮಾತನಾಡುತ್ತಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅದು ಇಲ್ಲದೆ ಮನುಷ್ಯ ಬದುಕಲಾರ. ಖರ್ಚಾದ ಇಂಧನವನ್ನು ತುಂಬಿಸುವುದು, ರಕ್ತದೊತ್ತಡ ಕುಸಿಯದಂತೆ ನೋಡಿಕೊಳ್ಳುವುದು, ಉರಿಯೂತ ಅತಿಯಾಗದಂತೆ ತಡೆಯುವುದು ಅದರ ಕೆಲಸ. ಆಸ್ತಮಾ, ಸಂಧಿವಾತಕ್ಕೆ ಕೊಡುವ ‘ಸ್ಟೆರಾಯ್ಡ್’ ಮಾತ್ರೆಗಳು ಇದೇ ಬಳಗದವು. ಅಡ್ರಿನಲ್ ಹೊರಪದರದ ಹಾರ್ಮೋನುಗಳ ಸಂಶೋಧನೆಗಾಗಿ ಕೆಂಡಾಲ್, ಹೆಂಚ್ ಮತ್ತು ರೈಖ್‌ಸ್ಟೈನ್ ಅವರಿಗೆ 1950ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದವರನ್ನು ನೀವು ನೋಡಿರಬಹುದು: ಮುಖ ಊದುತ್ತದೆ, ಶುಗರ್ ಏರುತ್ತದೆ, ಚರ್ಮ ತೆಳುವಾಗುತ್ತದೆ, ಗಾಯ ಮಾಯುವುದಿಲ್ಲ. ಮನಸ್ಸಿನ ಒತ್ತಡದಿಂದ ಕಾರ್ಟಿಸೋಲ್ ಆ ಮಟ್ಟಕ್ಕೆ ಏರುವುದಿಲ್ಲ, ಹೆದರಬೇಡಿ. ಆದರೆ ಸ್ವಲ್ಪವೇ ಹೆಚ್ಚಾಗಿ, ಸಲ್ಲದ ಹೊತ್ತಿನಲ್ಲಿ, ತಿಂಗಳುಗಟ್ಟಲೆ ಇದ್ದರೆ ದೇಹಕ್ಕೆ ಅದು ಹೊರೆಯೇ.

ಹೊತ್ತಿನ ಮಾತು ಬಂದಿತಲ್ಲ, ನಿಮ್ಮ ಮೂರು ಗಂಟೆಯ ಎಚ್ಚರಕ್ಕೆ ಬರುತ್ತೇನೆ. ಕಾರ್ಟಿಸೋಲ್‌ಗೆ ತನ್ನದೇ ದಿನಚರಿ ಇದೆ. ಮಧ್ಯರಾತ್ರಿಯ ಸುಮಾರಿಗೆ ಅದು ತೀರ ಕೆಳಗಿರುತ್ತದೆ, ರಾತ್ರಿಯ ಉತ್ತರಾರ್ಧದಲ್ಲಿ ಏರತೊಡಗುತ್ತದೆ, ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ತುದಿ ಮುಟ್ಟುತ್ತದೆ. ಗಾಢನಿದ್ದೆ ಹೆಚ್ಚಾಗಿ ಬರುವುದು ರಾತ್ರಿಯ ಮೊದಲ ಭಾಗದಲ್ಲಿ. ಮೂರರ ಹೊತ್ತಿಗೆ ನಿದ್ದೆ ತೆಳುವಾಗಿ ಕನಸುಗಳು ಹೆಚ್ಚಾಗಿರುತ್ತವೆ. ಎಲ್ಲರಿಗೂ ಆ ವೇಳೆಯಲ್ಲಿ ಕ್ಷಣಕಾಲ ಎಚ್ಚರವಾಗುವುದುಂಟು, ಮಗ್ಗುಲು ಬದಲಿಸಿ ಮಲಗುತ್ತಾರೆ. ನಿಮಗೆ ಹಾಗಾಗುತ್ತಿಲ್ಲ. ಏಕೆಂದರೆ, ಪತ್ರದಲ್ಲಿ ನೀವು ಬರೆಯದಿದ್ದರೂ ನನಗೆ ಗೊತ್ತು, ಹಾಸಿಗೆ ಹಿಡಿದವರಿಗೆ ಬೆನ್ನುಹುಣ್ಣು ಆಗದಿರಲು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳುಹಿಸಿರುತ್ತಾರೆ. ನಾಲ್ಕು ವರ್ಷಗಳಿಂದ ನಿಮ್ಮ ಒಂದು ಕಿವಿ ಪಕ್ಕದ ಕೋಣೆಯಲ್ಲೇ ಮಲಗಿದೆ. ಎಚ್ಚರವಾದ ಕೂಡಲೇ ‘ಅತ್ತೆ ಕೆಮ್ಮಿದರೇ?’ ಎಂಬ ಪ್ರಶ್ನೆ, ಅದರ ಹಿಂದೆಯೇ ಅಡ್ರಿನಲಿನ್, ಅದರ ಹಿಂದೆ ಎದೆಬಡಿತ.

ನಾಯಿ ಅಟ್ಟಿಸಿಕೊಂಡು ಬಂದ ಬೆಕ್ಕನ್ನು ನೋಡಿ. ಒಂದೇ ನೆಗೆತಕ್ಕೆ ಕಾಂಪೌಂಡ್ ಏರುತ್ತದೆ. ಬೆನ್ನು ಬಿಲ್ಲಾಗಿ, ಕಣ್ಣು ಅಗಲವಾಗಿ ನಿಲ್ಲುತ್ತದೆ. ನಾಯಿ ಹೋಯಿತು, ಸ್ವಲ್ಪ ಹೊತ್ತಿಗೆ ಅದೇ ಬೆಕ್ಕು ಬಿಸಿಲು ಕಾಯಿಸುತ್ತ ಮೈ ನೆಕ್ಕಿಕೊಳ್ಳುತ್ತದೆ. ನಾಳೆ ನಾಯಿ ಮತ್ತೆ ಬಂದರೆ ಎಂದು ಅದು ರಾತ್ರಿಯೆಲ್ಲ ಕೂತು ಚಿಂತಿಸುವುದಿಲ್ಲ. ಮನುಷ್ಯನ ಮೆದುಳಿಗೆ ಇನ್ನೂ ಬಾರದ ನಾಯಿಯನ್ನೂ ಕಾಣುವ ಶಕ್ತಿಯಿದೆ. ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ಆ ನಾಯಿ ಹೋಗುವುದೇ ಇಲ್ಲ, ಗೇಟಿನಲ್ಲೇ ಮಲಗಿರುತ್ತದೆ. ಸಾಮಾನ್ಯವಾಗಿ ರಕ್ತದಲ್ಲಿ ಕಾರ್ಟಿಸೋಲ್ ಏರಿದಾಗ ಅದೇ ಮೆದುಳಿಗೆ ‘ಸಾಕು’ ಎಂದು ಹೇಳಿ ತನ್ನ ಉತ್ಪಾದನೆಯನ್ನು ತಾನೇ ನಿಲ್ಲಿಸುತ್ತದೆ. ಈ ‘ಸಾಕು’ ಕೇಳಿಸಿಕೊಳ್ಳುವ ಭಾಗಗಳಲ್ಲಿ ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ ಒಂದು. 1968ರಲ್ಲಿ ಬ್ರೂಸ್ ಮೆಕ್‌ಇವೆನ್ ಎಂಬ ವಿಜ್ಞಾನಿ ಇಲಿಗಳಲ್ಲಿ ತೋರಿಸಿದ್ದು ಇದನ್ನೇ: ಅಡ್ರಿನಲ್‌ನಲ್ಲಿ ಹುಟ್ಟಿದ ಹಾರ್ಮೋನು ಹೋಗಿ ನೆನಪಿನ ಕೇಂದ್ರದಲ್ಲಿ ನೆಲೆಸುತ್ತದೆ. ಒತ್ತಡ ಬಹುಕಾಲ ಉಳಿದರೆ ಈ ‘ಸಾಕು’ ಎಂಬ ಸದ್ದು ಮಂಕಾಗುತ್ತದೆ. ಅನಂತರ ಅವರು, ಮತ್ತೆ ಮತ್ತೆ ಎದ್ದು ನಿಲ್ಲಬೇಕಾದ ದೇಹ ತೆರುವ ಬೆಲೆಗೆ ‘ಅಲೋಸ್ಟಾಟಿಕ್ ಹೊರೆ’ ಎಂದು ಹೆಸರಿಟ್ಟರು. ಒಂದು ದಿನ ಮೂಟೆ ಹೊತ್ತರೆ ಬೆನ್ನು ನೋಯುತ್ತದೆ, ರಾತ್ರಿ ಮಲಗಿದರೆ ಹೋಗುತ್ತದೆ. ಇಳಿಸದೆ ಹೊತ್ತೇ ಇದ್ದರೆ ಬೆನ್ನೇ ಬಾಗುತ್ತದೆ.

ಈಗ ನಿಮ್ಮ ಗಾಯ. ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಾಲು. 1995ರಲ್ಲಿ ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾಲಯದ ಜಾನಿಸ್ ಕೀಕಾಲ್ಟ್-ಗ್ಲೇಸರ್ ಮತ್ತು ಸಂಗಡಿಗರು ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ಮರೆವಿನ ಕಾಯಿಲೆಯ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 13 ಮಹಿಳೆಯರು ಒಂದು ಕಡೆ, ಅದೇ ವಯಸ್ಸಿನ, ಅಂಥದೇ ಆದಾಯದ, ಆದರೆ ಆ ಹೊಣೆ ಇಲ್ಲದ 13 ಮಹಿಳೆಯರು ಇನ್ನೊಂದು ಕಡೆ. ಎಲ್ಲರ ತೋಳಿನ ಮೇಲೂ ಮೂರೂವರೆ ಮಿಲಿಮೀಟರಿನ ಒಂದೇ ಅಳತೆಯ ಪುಟ್ಟ ಗಾಯ ಮಾಡಿ, ಅದು ಮಾಯುವ ತನಕ ಕಾದರು. ಹೊಣೆ ಇಲ್ಲದವರ ಗಾಯ ಸರಾಸರಿ 39 ದಿನಗಳಲ್ಲಿ ಪೂರ್ತಿ ಮಾಯಿತು. ನೋಡಿಕೊಳ್ಳುವವರದು ಸರಾಸರಿ 49 ದಿನ ತೆಗೆದುಕೊಂಡಿತು. ಹತ್ತಿರ ಹತ್ತಿರ ಹತ್ತು ದಿನಗಳ ವ್ಯತ್ಯಾಸ. ಗಾಯಕ್ಕೆ ಯಾರ ಮೇಲೂ ಮುನಿಸಿಲ್ಲ, ಅದಕ್ಕೆ ನಾಟಕ ಬಾರದು, ಅನುಕಂಪ ಗಿಟ್ಟಿಸುವ ಆಸೆಯೂ ಇಲ್ಲ. ನಿಮ್ಮ ಮನೆಯವರಿಗೆ ಏನಾದರೂ ಓದಿ ಹೇಳುವುದಿದ್ದರೆ ಈ ಪ್ಯಾರಾ ಓದಿ ಹೇಳಿ. ಗಾಯ ಮಾಯಬೇಕಾದರೆ ಮೊದಲು ಅಲ್ಲಿಗೆ ರೋಗನಿರೋಧಕ ಕಣಗಳು ಬರಬೇಕು, ಅವನ್ನು ಕರೆಯುವ ರಾಸಾಯನಿಕ ಸಂದೇಶಗಳು ಹುಟ್ಟಬೇಕು. ದೀರ್ಘಕಾಲದ ಒತ್ತಡದಲ್ಲಿ ಆ ಕರೆಯೇ ಮೆತ್ತಗಾಗಿರುತ್ತದೆ.

ಕೂದಲಿನದು ಬೇರೆ ಲೆಕ್ಕ, ತಡವಾಗಿ ಕೈಸೇರುವ ಖರ್ಚಿನ ಬಿಲ್ ಇದ್ದಂತೆ. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲುಗಳು ಗುಂಪಾಗಿ ವಿಶ್ರಾಂತಿಗೆ ಸರಿದು, ಎರಡು ಮೂರು ತಿಂಗಳ ಮೇಲೆ ಒಟ್ಟಿಗೆ ಉದುರುತ್ತವೆ. ಬುಡ ಸತ್ತಿರುವುದಿಲ್ಲ, ಮತ್ತೆ ಹುಟ್ಟುತ್ತದೆ. ಶಾಂಪೂ, ಎಣ್ಣೆಗಳಿಗೆ ಹಣ ಸುರಿಯಬೇಡಿ.

ಹೊಟ್ಟೆಯ ಬಗ್ಗೆ ಒಂದು ತಿದ್ದುಪಡಿ. ‘ಟೆನ್ಷನ್‌ನಿಂದ ಅಲ್ಸರ್’ ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಜಠರದ ಹುಣ್ಣಿಗೆ ಮುಖ್ಯ ಕಾರಣ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳು. ಆ ಬ್ಯಾಕ್ಟೀರಿಯಾ ಪತ್ತೆ ಮಾಡಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಆದ್ದರಿಂದ ಹೊಟ್ಟೆಯ ಮೇಲ್ಭಾಗ ಉರಿಯುತ್ತಿದ್ದರೆ ಅದನ್ನು ಒತ್ತಡದ ತಲೆಗೆ ಕಟ್ಟಿ ಸುಮ್ಮನಾಗಬೇಡಿ. ನಿಮ್ಮದು ಕರುಳಿನ ಅವಸರ, ಹುಣ್ಣಿನ ಲಕ್ಷಣವಲ್ಲ.

‘ಯೋಚನೆ ಮಾಡಬೇಡಿ’ ಎಂಬ ಸಲಹೆಯನ್ನು ನಾನು ಏಕೆ ಒಪ್ಪುವುದಿಲ್ಲ ಎಂದೂ ಹೇಳಬೇಕು. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಿಂದ ನಡೆದ ‘ವೈಟ್‌ಹಾಲ್’ ಎಂಬ ದೊಡ್ಡ ಅಧ್ಯಯನವಿದೆ. ಮೈಕೆಲ್ ಮಾರ್ಮಟ್ ಎಂಬ ವೈದ್ಯರ ಹೆಸರು ಅದರೊಂದಿಗೆ ಸೇರಿಕೊಂಡಿದೆ. ಹೃದ್ರೋಗ ದೊಡ್ಡ ಸಾಹೇಬರ ಕಾಯಿಲೆ ಎಂದು ಆಗ ಎಲ್ಲರೂ ನಂಬಿದ್ದರು. ಲೆಕ್ಕ ಹಾಕಿದರೆ ತೀರ ಕೆಳಗಿನ ದರ್ಜೆಯ ನೌಕರರು ಹೃದ್ರೋಗದಿಂದ ಸಾಯುವ ಪ್ರಮಾಣ ಮೇಲಿನ ದರ್ಜೆಯವರಿಗಿಂತ ಮೂರು ಪಟ್ಟಿಗೂ ಹೆಚ್ಚು ಇತ್ತು. ಬೀಡಿ ಸಿಗರೇಟು, ಬಿಪಿ, ಕೊಲೆಸ್ಟರಾಲ್ ಇವುಗಳಿಂದ ಆ ಅಂತರದ ಒಂದು ಪಾಲಷ್ಟೇ ವಿವರಣೆಗೆ ಸಿಕ್ಕಿತು. ಮುಂದಿನ ಸುತ್ತಿನ ಅಧ್ಯಯನದಲ್ಲಿ ಮೇಲೆದ್ದು ಬಂದ ಒಂದು ಅಂಶ: ತಾನು ಮಾಡುವ ಕೆಲಸದ ಮೇಲೆ ತನಗೆಷ್ಟು ಹಿಡಿತವಿದೆ ಎಂಬುದು. ಯಾವಾಗ ಮಾಡಬೇಕು, ಹೇಗೆ ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ತನ್ನ ಕೈಯಲ್ಲಿಲ್ಲದವರ ಹೃದಯ ಹೆಚ್ಚು ಸವೆಯುತ್ತದೆ. ನಿಮ್ಮ ಮನೆಯಲ್ಲಿ ಅತ್ತೆಯವರ ಆರೈಕೆಯ ವೇಳಾಪಟ್ಟಿ ಯಾರ ಕೈಯಲ್ಲಿದೆ? ಕೆಲಸವೆಲ್ಲ ನಿಮ್ಮದು, ತೀರ್ಮಾನ ಇನ್ನೊಬ್ಬರದು ಎಂದಾದರೆ ನಿಮ್ಮ ಎದೆಬಡಿತದ ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ.

ಹಾಗಾಗಿ ನನ್ನ ಮೊದಲ ಮದ್ದು ಇದು: ವಾರದಲ್ಲಿ ಎರಡು ರಾತ್ರಿ ನಿಮ್ಮವು. ಆ ಎರಡು ರಾತ್ರಿ ಪತಿಯೋ, ಮೈದುನನೋ, ನಾದಿನಿಯೋ, ಸಂಬಳಕ್ಕೆ ಬಂದವರೋ ಅತ್ತೆಯವರ ಕೋಣೆಯಲ್ಲಿ ಮಲಗಬೇಕು. ನೀವು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಬೇಕು. ‘ಏನಾದರೂ ಆದರೆ ಎಬ್ಬಿಸುತ್ತೇವೆ’ ಎಂಬ ಒಪ್ಪಂದ ಮೊದಲೇ ಆಗಿರಲಿ, ಆಗ ಕಿವಿ ಕಾವಲು ಕಾಯುವುದನ್ನು ಬಿಡುತ್ತದೆ. ಮೊದಲ ಎರಡು ವಾರ ನಿದ್ದೆ ಬಾರದೆ ಹೋಗಬಹುದು, ಆದರೂ ಬಿಡಬೇಡಿ. ನಾನು ಇದನ್ನು ಔಷಧಿ ಚೀಟಿಯಲ್ಲೇ, ಮಾತ್ರೆ ಬರೆಯುವ ಜಾಗದಲ್ಲಿ ಬರೆದುಕೊಡುತ್ತೇನೆ. ಬಾಯಲ್ಲಿ ಹೇಳಿದರೆ ಕೇಳದ ಮನೆಯವರು ಚೀಟಿಯಲ್ಲಿದ್ದುದನ್ನು ಪಾಲಿಸುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ನಿಮ್ಮ ವೈದ್ಯರನ್ನೂ ಹಾಗೆಯೇ ಬರೆದುಕೊಡಿ ಎಂದು ಕೇಳಿ.

ಎರಡನೆಯದು ಉಸಿರು. ಹೋದ ವರ್ಷ ಪರೀಕ್ಷೆಯ ಮುನ್ನಾದಿನ ಪಿಯುಸಿ ಹುಡುಗಿಯೊಬ್ಬಳನ್ನು ನನ್ನಲ್ಲಿಗೆ ಎತ್ತಿಕೊಂಡು ಬಂದರು. ‘ಫಿಟ್ಸ್’ ಎಂದು ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟಿದ್ದರು. ಆ ಕೈಯ ಬೆರಳುಗಳು ಬಳೆಗಾರನ ಮುಂದೆ ಕೈ ಮಡಿಸಿ ಚಾಚಿದಂತೆ ಒಂದಕ್ಕೊಂದು ಅಂಟಿ ಸೆಟೆದಿದ್ದವು. ತುಟಿಯ ಸುತ್ತ ಜುಮುಜುಮು, ತಲೆ ಸುತ್ತು, ಎಚ್ಚರ ಮಾತ್ರ ಪೂರ್ತಿ ಇತ್ತು. ಗಡಿಯಾರ ಹಿಡಿದು ಉಸಿರು ಎಣಿಸಿದೆ, ನಿಮಿಷಕ್ಕೆ 36. ಸುಮ್ಮನೆ ಕುಳಿತವರಿಗೆ 12ರಿಂದ 20 ಸಾಕು. ಗಾಬರಿಯಲ್ಲಿ ಬಿಟ್ಟೂ ಬಿಡದೆ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ರಕ್ತ ಸ್ವಲ್ಪ ಕ್ಷಾರವಾಗುತ್ತದೆ, ನರಗಳಿಗೆ ಬೇಕಾದ ಕ್ಯಾಲ್ಸಿಯಂ ಕೈಗೆ ಸಿಗದಂತಾಗುತ್ತದೆ, ಬೆರಳು ಸೆಟೆಯುತ್ತವೆ. ಪಕ್ಕದಲ್ಲಿ ಕುಳಿತು ನನ್ನೊಂದಿಗೆ ನಿಧಾನ ಉಸಿರು ಬಿಡು ಎಂದೆ. ಕಾಲು ಗಂಟೆಯಲ್ಲಿ ಬೀಗದ ಕೈ ತಾನಾಗಿ ನೆಲಕ್ಕೆ ಬಿತ್ತು. ಇಂಜೆಕ್ಷನ್ ಬೇಕಾಗಲಿಲ್ಲ.

ನೀವು ಮಾಡಬೇಕಾದದ್ದು ಸರಳ. ಎಡಗೈಯ ನಾಡಿಯ ಮೇಲೆ ಬಲಗೈಯ ಎರಡು ಬೆರಳಿಡಿ. ಮನಸ್ಸಿನಲ್ಲಿ ನಾಲ್ಕು ಎಣಿಸುವವರೆಗೆ ಉಸಿರು ತೆಗೆದುಕೊಳ್ಳಿ, ಆರು ಎಣಿಸುವವರೆಗೆ ಬಿಡಿ. ಗಮನವಿಟ್ಟರೆ ಉಸಿರು ಬಿಡುವಾಗ ನಾಡಿ ನಿಧಾನವಾಗುವುದು ಬೆರಳಿಗೆ ತಿಳಿಯುತ್ತದೆ. ಮೆದುಳಿನ ಬುಡದಿಂದ ಹೊರಟು ಕುತ್ತಿಗೆಯ ಮೂಲಕ ಹೃದಯಕ್ಕೂ ಕರುಳಿಗೂ ಇಳಿಯುವ ವೇಗಸ್ ನರ ಹೃದಯದ ಕಡಿವಾಣ ಎಳೆಯುವುದು ಉಸಿರು ಹೊರಗೆ ಹೋಗುವಾಗ. ಸ್ವಿಚ್ ಆರಿಸುವ ಕೈ ಇದೇ. 1921ರಲ್ಲಿ ಆಟೊ ಲೋವಿ ಎಂಬ ವಿಜ್ಞಾನಿ ಎರಡು ಕಪ್ಪೆಗಳ ಹೃದಯ ಇಟ್ಟುಕೊಂಡು, ಒಂದರ ವೇಗಸ್ ನರ ಕೆರಳಿಸಿ, ಅದರಿಂದ ಹೊರಬಂದ ದ್ರವವನ್ನು ಇನ್ನೊಂದಕ್ಕೆ ಹಾಕಿದಾಗ ಅದೂ ನಿಧಾನವಾಯಿತು. ನರಗಳು ರಾಸಾಯನಿಕಗಳ ಮೂಲಕ ಮಾತನಾಡುತ್ತವೆ ಎಂದು ಜಗತ್ತಿಗೆ ತಿಳಿದದ್ದು ಹಾಗೆ. ದಿನಕ್ಕೆ ಎರಡು ಬಾರಿ ಐದೈದು ನಿಮಿಷ ಸಾಕು, ಆದರೆ ನೆಮ್ಮದಿಯಾಗಿದ್ದಾಗ ಅಭ್ಯಾಸವಾಗಿರಬೇಕು. ಮೂರು ಗಂಟೆ ರಾತ್ರಿಯಲ್ಲಿ ಹೊಸದಾಗಿ ಕಲಿಯಲು ಆಗುವುದಿಲ್ಲ.

ಉಳಿದ ಸಣ್ಣ ಮಾತುಗಳನ್ನು ಬೇಗ ಹೇಳುತ್ತೇನೆ. ಕಾಫಿಯ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು. ಮಧ್ಯಾಹ್ನದ ಮೇಲೆ ಬೇಡ. ಸಂಜೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ, ಓಡಲು ಸಜ್ಜಾದ ಸ್ನಾಯುಗಳಿಗೆ ಕೆಲಸ ಸಿಗಲಿ. ಯಾರದೋ ಮನೆಯಲ್ಲಿ ಉಳಿದ ನಿದ್ದೆ ಮಾತ್ರೆ, ಎದೆಬಡಿತದ ಮಾತ್ರೆ ನುಂಗಬೇಡಿ. ಎದೆಬಡಿತಕ್ಕೆ ಕೊಡುವ ಪ್ರೊಪ್ರನೊಲಾಲ್ ಆಸ್ತಮಾ ಇದ್ದವರಿಗೆ ಅಪಾಯಕಾರಿ. ‘ಅಡ್ರಿನಲ್ ದಣಿವು’ ಎಂಬ ಹೆಸರಿನಲ್ಲಿ ಮಾರುವ ಪುಡಿ, ಪರೀಕ್ಷೆಗಳ ಪ್ಯಾಕೇಜುಗಳನ್ನು ಹಾರ್ಮೋನು ತಜ್ಞರು ಒಪ್ಪುವುದಿಲ್ಲ, ಅವುಗಳ ಹತ್ತಿರ ಸುಳಿಯಬೇಡಿ.

ಎರಡು ತಿಂಗಳಲ್ಲಿ ಇದರಿಂದ ಹಗುರಾಗದಿದ್ದರೆ, ಅಥವಾ ಬದುಕೇ ಬೇಡ ಎನ್ನಿಸುವ ಯೋಚನೆ ಒಮ್ಮೆ ಬಂದರೂ, ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸೇವೆಯಲ್ಲಿ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಇಂದು ದೇಶಾದ್ಯಂತ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಅಲ್ಲಿಗೆ ಹೋಗುವುದೆಂದರೆ ‘ತಲೆಯಲ್ಲಿದೆ’ ಎಂದು ಒಪ್ಪಿಕೊಂಡಂತೆ ಎಂದು ಅಂದುಕೊಳ್ಳಬೇಡಿ. ನಾನು ಇಷ್ಟು ಹೊತ್ತು ಹೇಳಿದ ಅಮಿಗ್ಡಲಾ, ಹೈಪೋಥಲಮಸ್ ಕೂಡ ಮೈಯ ಭಾಗಗಳೇ.

ಒಂದು ಎಚ್ಚರಿಕೆಯನ್ನು ಬಿಡುವಂತಿಲ್ಲ. ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವುದು, ದವಡೆಗೋ ತೋಳಿಗೋ ನೋವು ಹರಡುವುದು, ಕಾರಣವಿಲ್ಲದ ಏದುಸಿರು, ತಣ್ಣನೆಯ ಬೆವರು, ತಲೆಸುತ್ತಿ ಬೀಳುವುದು ಕಂಡರೆ ‘ಗ್ಯಾಸ್ಟ್ರಿಕ್’ ಎಂದೋ ‘ಟೆನ್ಷನ್’ ಎಂದೋ ಮನೆಯಲ್ಲಿ ಕೂರಬೇಡಿ, ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಿ. ದೊಡ್ಡ ಆಘಾತದ ಬೆನ್ನಿಗೆ ಹೃದಯದ ಸ್ನಾಯುವೇ ಕೆಲಕಾಲ ಸೋತು, ಆಕ್ಟೋಪಸ್ ಹಿಡಿಯುವ ಮಡಕೆಯಂತೆ ಉಬ್ಬುವ ‘ಟಕೊಟ್ಸುಬೊ’ ಎಂಬ ಸ್ಥಿತಿಯನ್ನು ಜಪಾನಿನ ವೈದ್ಯರು 1990ರಲ್ಲಿ ವಿವರಿಸಿದರು. ಅದು ಹೆಚ್ಚಾಗಿ ಕಾಣುವುದು ಮುಟ್ಟು ನಿಂತ ಹೆಂಗಸರಲ್ಲಿ. ಬಹುತೇಕರು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ಆದರೆ ಆ ವಾರಗಳಲ್ಲಿ ಆಸ್ಪತ್ರೆಯ ಕಣ್ಣು ಬೇಕು.

ಕೊನೆಯದಾಗಿ, ಎಲ್ಲವನ್ನೂ ಒತ್ತಡದ ಖಾತೆಗೆ ಬರೆದರೆ ನಾನೂ ನಿಮ್ಮ ಮನೆಯವರಂತೆಯೇ ತಪ್ಪು ಮಾಡಿದಂತೆ. ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಮುಂಚಿನ ಏರುಪೇರುಗಳಿಂದಲೂ ಎದೆಬಡಿತ, ನಿದ್ರಾಭಂಗ ಆಗುತ್ತದೆ. ತಿಂಗಳ ಲೆಕ್ಕ ಹೇಗಿದೆ ಎಂದು ನೀವು ಬರೆದಿಲ್ಲ. ರಕ್ತಹೀನತೆಯಿಂದ ಎದೆ ಬಡಿಯುತ್ತದೆ, ಕೂದಲೂ ಉದುರುತ್ತದೆ. ಮಾಯದ ಗಾಯಕ್ಕೆ ಶುಗರ್ ಕಾರಣವಿರಬಹುದು. ನಿಮ್ಮ ಪಟ್ಟಿಯಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್) ಈ ಮೂರೂ ಕಾಣಲಿಲ್ಲ. ಈ ವಾರವೇ ಮಾಡಿಸಿ. ಅದರ ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಎರಡು ವಾರ ಬರೆದಿಡಿ: ಎದೆ ಬಡಿದದ್ದು ಎಷ್ಟು ಗಂಟೆಗೆ, ಆಗ ಏನು ಮಾಡುತ್ತಿದ್ದಿರಿ, ನಾಡಿ ನಿಮಿಷಕ್ಕೆ ಎಷ್ಟು, ಎಷ್ಟು ಹೊತ್ತಿಗೆ ಇಳಿಯಿತು. ಗಣಿತದ ಮೇಷ್ಟರಿಗೆ ಕೋಷ್ಟಕ ಎಳೆಯಲು ನಾನು ಹೇಳಿಕೊಡಬೇಕಾಗಿಲ್ಲ. ಅದನ್ನೂ ಮೂರು ವರದಿಗಳನ್ನೂ ನಿಮ್ಮ ವೈದ್ಯರ ಮುಂದೆ ಇಡಿ, ನನಗೂ ಬರೆದು ತಿಳಿಸಿ.